ಆ್ಯಂಟಿ-ಲಾಕ್ ಬ್ರೇಕ್ ವ್ಯವಸ್ಥೆ: ನುರಿತ ಚಾಲಕರಿಗೆ ನೆರವೇ, ತೊಡಕೇ? – ಒಂದು ವಿಶ್ಲೇಷಣೆ

(ಸಾರ್ವಜನಿಕರ ಮಾಹಿತಿಗಾಗಿ – ರಸ್ತೆ ಸುರಕ್ಷತೆ)

ಪೀಠಿಕೆ

ಹೊಸ ವಾಹನದ ನೋಂದಣಿಗಾಗಿ ಅರ್ಜಿ ಸಲ್ಲಿಸುವವರು ಹಾಗೂ ಚಾಲನಾ ಅನುಜ್ಞಾ ಪತ್ರವನ್ನು ಪಡೆಯಲು ಇಚ್ಛಿಸುವವರು ಆ್ಯಂಟಿ-ಲಾಕ್ ಬ್ರೇಕ್ ವ್ಯವಸ್ಥೆಯ (ಇನ್ನು ಮುಂದೆ ‘ಎ.ಬಿ.ಎಸ್.’ ಎಂದು ಕರೆಯಲಾಗಿದೆ) ಕುರಿತು ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳನ್ನು ಕೇಳುತ್ತಿರುತ್ತಾರೆ. ಇದು ಪ್ರಾಣ ಉಳಿಸುವ ಸಾಧನವೆಂಬುದು ಒಂದು. ಹೊಸಬರಿಗೆ ಇದು ಸರಿ, ಆದರೆ ಕೈ ಪಳಗಿದ ಚಾಲಕನಿಗೆ ಇದು ಅಡ್ಡಿ ಎಂಬುದು ಇನ್ನೊಂದು. ಎರಡನೆಯ ಅಭಿಪ್ರಾಯವನ್ನು ಹೇಳುವವರು ಬಹುಮಟ್ಟಿಗೆ ಹಲವು ವರ್ಷಗಳ ಅನುಭವ ಉಳ್ಳವರಾದುದರಿಂದ ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದುದರಿಂದ ಈ ವಿಷಯದಲ್ಲಿ ತಿಳಿದುಬಂದಿರುವ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ಚರ್ಚೆಯ ಹಿನ್ನೆಲೆ

ಕೇಂದ್ರ ಸರ್ಕಾರದ ನಿಯಮಗಳನ್ವಯ 125 ಸಿ.ಸಿ.ಗಿಂತ ಹೆಚ್ಚಿನ ಸಾಮರ್ಥ್ಯದ ದ್ವಿಚಕ್ರ ವಾಹನಗಳ ಹೊಸ ಮಾದರಿಗಳಿಗೆ ಏಪ್ರಿಲ್ 2018ರಿಂದಲೂ, ಅದಾಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ಏಪ್ರಿಲ್ 2019ರಿಂದಲೂ ಎ.ಬಿ.ಎಸ್. ಕಡ್ಡಾಯವಾಯಿತು. 125 ಸಿ.ಸಿ. ಮತ್ತು ಅದಕ್ಕಿಂತ ಕಡಿಮೆ ಸಾಮರ್ಥ್ಯದ ವಾಹನಗಳಿಗೆ ಎ.ಬಿ.ಎಸ್. ಅಥವಾ ಮುಂದಿನ ಹಾಗೂ ಹಿಂದಿನ ಬ್ರೇಕುಗಳು ಒಟ್ಟಿಗೆ ಹಿಡಿಯುವ ಸಂಯೋಜಿತ ಬ್ರೇಕ್ ವ್ಯವಸ್ಥೆ, ಇವೆರಡರಲ್ಲಿ ಒಂದನ್ನು ಅಳವಡಿಸಲು ಅವಕಾಶ ನೀಡಲಾಯಿತು. ತರುವಾಯ 2025ರ ಜೂನ್ ತಿಂಗಳಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಮಂತ್ರಾಲಯವು ಕರಡು ಅಧಿಸೂಚನೆಯೊಂದನ್ನು ಪ್ರಕಟಿಸಿ, ಎಂಜಿನ್ ಸಾಮರ್ಥ್ಯದ ಈ ಭೇದವನ್ನು ಬಿಟ್ಟು ಸಣ್ಣ ಮೋಟಾರ್ ಸೈಕಲ್ ಮತ್ತು ಸ್ಕೂಟರುಗಳಿಗೂ ಎ.ಬಿ.ಎಸ್. ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಸಾರ್ವಜನಿಕರ ಮುಂದಿಟ್ಟಿತು.

ಈ ಪ್ರಸ್ತಾವಕ್ಕೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮಂತ್ರಾಲಯದ ವಾರ್ಷಿಕ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ ಶೇಕಡ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿ ಸಂಚರಿಸುತ್ತಿದ್ದವರು.

2. ಎ.ಬಿ.ಎಸ್. ಕಾರ್ಯನಿರ್ವಹಿಸುವ ಬಗೆ

ಉರುಳುತ್ತಿರುವ ಟೈರಿಗೆ ರಸ್ತೆಯ ಮೇಲೆ ಇರುವ ಹಿಡಿತಕ್ಕೆ ಒಂದು ಮಿತಿಯಿದೆ. ಬ್ರೇಕನ್ನು ಆ ಮಿತಿಯನ್ನು ಮೀರಿ ಒತ್ತಿದರೆ ಚಕ್ರವು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಇದನ್ನೇ ಚಕ್ರ ಲಾಕ್ ಆಗುವುದು ಎನ್ನುತ್ತಾರೆ. ಲಾಕ್ ಆದ ಮುಂದಿನ ಚಕ್ರವು ಸ್ಟಿಯರಿಂಗಿನ ಮಾತನ್ನು ಕೇಳುವುದಿಲ್ಲ. ಕಾರು ತಾನು ಹೋಗುತ್ತಿದ್ದ ದಿಕ್ಕಿನಲ್ಲಿಯೇ ಜಾರಿಕೊಂಡು ಹೋಗುತ್ತದೆ. ದ್ವಿಚಕ್ರ ವಾಹನವಾದರೆ ಸವಾರನ ಸಮೇತ ನೆಲಕ್ಕುರುಳುತ್ತದೆ.

ಎ.ಬಿ.ಎಸ್.ನಲ್ಲಿ ಚಕ್ರದ ವೇಗವನ್ನು ಅಳೆಯುವ ಸಂವೇದಕ, ಅದನ್ನು ಪರಿಶೀಲಿಸುವ ನಿಯಂತ್ರಣ ಘಟಕ ಮತ್ತು ಬ್ರೇಕ್ ದ್ರವದ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ಕವಾಟಗಳು ಇರುತ್ತವೆ. ಯಾವುದೇ ಚಕ್ರವು ಲಾಕ್ ಆಗುವ ಲಕ್ಷಣ ಕಂಡೊಡನೆ ಆ ಚಕ್ರದ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಪುನಃ ಹೆಚ್ಚಿಸಲಾಗುತ್ತದೆ. ಈ ಕ್ರಿಯೆಯು ಒಂದು ಸೆಕೆಂಡಿನಲ್ಲಿ ಹಲವು ಬಾರಿ ನಡೆಯುತ್ತದೆ. ವಿದ್ಯುನ್ಮಾನ ನಿಯಂತ್ರಣದ ಈ ವ್ಯವಸ್ಥೆಯು 1978ರಲ್ಲಿ ಜರ್ಮನಿಯ ಮರ್ಸಿಡಿಸ್-ಬೆಂಜ್ ಕಾರುಗಳಲ್ಲಿಯೂ, 1988ರಲ್ಲಿ ಬಿ.ಎಂ.ಡಬ್ಲ್ಯು. ಮೋಟಾರ್ ಸೈಕಲ್‌ಗಳಲ್ಲಿಯೂ ಬಳಕೆಗೆ ಬಂದಿತು.

3. ನುರಿತ ಚಾಲಕರ ವಾದದಲ್ಲಿರುವ ಸತ್ಯಾಂಶ

ನುರಿತ ಚಾಲಕನು ಚಕ್ರವು ಲಾಕ್ ಆಗುವ ಅಂಚಿನವರೆಗೆ ಬ್ರೇಕ್ ಒತ್ತಿ, ಆ ಅಂಚಿನಲ್ಲಿಯೇ ಕಾಲನ್ನು ಹಿಡಿದಿಡಬಲ್ಲನು. ಒಣಗಿದ, ಸಮನಾದ ಡಾಂಬರು ರಸ್ತೆಯ ಮೇಲೆ, ಎಲ್ಲಿ ನಿಲ್ಲಿಸಬೇಕೆಂಬುದು ಮೊದಲೇ ತಿಳಿದಿರುವಾಗ, ಅಂತಹ ಚಾಲಕನು ಎ.ಬಿ.ಎಸ್.ಗೆ ಸರಿಸಮನಾಗಿ ಅಥವಾ ಒಮ್ಮೊಮ್ಮೆ ಅದಕ್ಕಿಂತ ಕಡಿಮೆ ದೂರದಲ್ಲಿ ವಾಹನವನ್ನು ನಿಲ್ಲಿಸುವುದು ಅಸಾಧ್ಯವೇನಲ್ಲ.

ಸಡಿಲ ಜಲ್ಲಿಯ ರಸ್ತೆಯಲ್ಲಿ ಈ ವಾದಕ್ಕೆ ಇನ್ನೂ ಹೆಚ್ಚಿನ ಬಲವಿದೆ. ಲಾಕ್ ಆದ ಚಕ್ರವು ಜಲ್ಲಿಯನ್ನು ಉಳುತ್ತಾ ತನ್ನ ಮುಂದೆ ಒಂದು ದಿಬ್ಬವನ್ನು ಕಟ್ಟಿಕೊಳ್ಳುತ್ತದೆ, ಆ ದಿಬ್ಬವೇ ವಾಹನವನ್ನು ತಡೆಯುತ್ತದೆ. ಎ.ಬಿ.ಎಸ್. ಚಕ್ರವನ್ನು ಉರುಳಲು ಬಿಡುವುದರಿಂದ ಈ ದಿಬ್ಬ ಕಟ್ಟುವುದಿಲ್ಲ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 1999ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಸಡಿಲ ಜಲ್ಲಿಯ ಮೇಲೆ ಎ.ಬಿ.ಎಸ್. ಇರುವಾಗ ನಿಲ್ಲುವ ದೂರವು ಸರಾಸರಿ ಶೇಕಡ 27ರಷ್ಟು ಹೆಚ್ಚಾಯಿತು. ಉಳಿದ ಬಹುತೇಕ ರಸ್ತೆಗಳಲ್ಲಿ ಅದೇ ಪರೀಕ್ಷೆಗಳು ಎ.ಬಿ.ಎಸ್. ಪರವಾಗಿಯೇ ಬಂದವು. ಡಾಂಬರಿಲ್ಲದ ಹಾದಿಗಳಿಗಾಗಿ ತಯಾರಾದ ಕೆಲವು ಮೋಟಾರ್ ಸೈಕಲ್‌ಗಳಲ್ಲಿ ಹಿಂದಿನ ಚಕ್ರದ ಎ.ಬಿ.ಎಸ್. ಅನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸೌಲಭ್ಯವನ್ನು ತಯಾರಕರೇ ಒದಗಿಸಿರುವುದಕ್ಕೆ ಇದೂ ಒಂದು ಕಾರಣ.

4. ಈ ವಾದದ ಮಿತಿಗಳು

ಮೊದಲನೆಯದಾಗಿ, ಕಾರಿನ ಚಕ್ರಗಳು ನಾಲ್ಕು, ಬ್ರೇಕ್ ಪೆಡಲ್ ಒಂದೇ. ಮಳೆಗಾಲದ ಘಟ್ಟದ ರಸ್ತೆಯಲ್ಲಿ ಎಡಗಡೆಯ ಚಕ್ರಗಳು ಅಂಚಿನ ಕೆಸರಿನ ಮೇಲೂ ಬಲಗಡೆಯ ಚಕ್ರಗಳು ಡಾಂಬರಿನ ಮೇಲೂ ಇದ್ದರೆ ಎರಡು ಕಡೆಗೂ ಬೇಕಾದ ಒತ್ತಡ ಬೇರೆ ಬೇರೆ. ಎಷ್ಟೇ ನುರಿತ ಕಾಲಾದರೂ ಒಂದು ಪೆಡಲಿನಿಂದ ಎರಡು ಒತ್ತಡಗಳನ್ನು ಕೊಡಲಾರದು. ಚಕ್ರಗಳನ್ನು ಪ್ರತ್ಯೇಕವಾಗಿ ಗಮನಿಸುವ ವ್ಯವಸ್ಥೆಯು ಕೊಡಬಲ್ಲದು. ಇದು ಕೌಶಲದ ಕೊರತೆಯಲ್ಲ, ಉಪಕರಣದ ಮಿತಿ.

ಎರಡನೆಯದಾಗಿ, ತುರ್ತು ಸನ್ನಿವೇಶವು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಹಸುವೊಂದು ಅಥವಾ ಮಗುವೊಂದು ರಸ್ತೆಗೆ ಅಡ್ಡ ಬಂದಾಗ, ಮೈದಾನದಲ್ಲಿ ಅಭ್ಯಾಸ ಮಾಡಿದ ಹದವಾದ ಒತ್ತಡವು ಬೆಚ್ಚಿಬಿದ್ದ ಕಾಲಿನಲ್ಲಿ ಉಳಿದಿರುತ್ತದೆಂಬ ಭರವಸೆಯಿಲ್ಲ. ಆ ಕ್ಷಣದಲ್ಲಿ ಚಾಲಕನು ಬ್ರೇಕ್ ಹಿಡಿಯುವುದರ ಜೊತೆಗೆ ಪಕ್ಕಕ್ಕೆ ತಿರುಗಿಸಬೇಕಾಗಿಯೂ ಬರಬಹುದು. ಎ.ಬಿ.ಎಸ್.ನ ಮುಖ್ಯ ಪ್ರಯೋಜನವಿರುವುದು ಇಲ್ಲಿಯೇ: ಪೂರ್ಣ ಬ್ರೇಕ್ ಹಿಡಿದಿರುವಾಗಲೂ ವಾಹನವು ತಿರುಗಬಲ್ಲದು.

ಮೂರನೆಯದಾಗಿ, ಜಗತ್ತಿನ ಅತಿ ನುರಿತ ಚಾಲಕರ ಉದಾಹರಣೆಯನ್ನೇ ನೋಡಬಹುದು. 1993ರ ಫಾರ್ಮುಲಾ ಒನ್ ಸ್ಪರ್ಧೆಗಳಲ್ಲಿ ಚಾಂಪಿಯನ್ ಆದ ವಿಲಿಯಮ್ಸ್ ತಂಡದ ಕಾರಿನಲ್ಲಿ ಎ.ಬಿ.ಎಸ್. ಇತ್ತು. 1994ರಿಂದ ಅದನ್ನು ಚಾಲಕರಿಗೆ ನೆರವಾಗುವ ಇತರ ಸಾಧನಗಳೊಂದಿಗೆ ನಿಷೇಧಿಸಲಾಯಿತು. ಸ್ಪರ್ಧೆಯು ಚಾಲಕರ ಕೌಶಲದ ಪರೀಕ್ಷೆಯಾಗಿ ಉಳಿಯಬೇಕೆಂಬ ಉದ್ದೇಶದಿಂದ ನೆರವನ್ನು ತೆಗೆಯಲಾಯಿತೇ ಹೊರತು, ಅದು ತೊಡಕಾಗಿತ್ತೆಂದಲ್ಲ. ಸಾರ್ವಜನಿಕ ರಸ್ತೆಯು ಕೌಶಲದ ಸ್ಪರ್ಧೆಗೆ ಏರ್ಪಟ್ಟ ಸ್ಥಳವಲ್ಲ.

5. ದ್ವಿಚಕ್ರ ವಾಹನಗಳ ವಿಶೇಷ ಸ್ಥಿತಿ

ಕಾರಿನ ಚಕ್ರ ಲಾಕ್ ಆದರೆ ಚಾಲಕನಿಗೆ ತಪ್ಪನ್ನು ತಿದ್ದಿಕೊಳ್ಳಲು ಸ್ವಲ್ಪ ಸಮಯವಾದರೂ ದೊರೆಯುತ್ತದೆ. ಮೋಟಾರ್ ಸೈಕಲಿನ ಮುಂದಿನ ಚಕ್ರ ಲಾಕ್ ಆದರೆ ಆ ಸಮಯವೂ ದೊರೆಯುವುದು ಕಷ್ಟ. ಈ ಭಯದಿಂದಲೇ ಅನೇಕ ಸವಾರರು ಮುಂದಿನ ಬ್ರೇಕನ್ನು ಮುಟ್ಟದೆ ಹಿಂದಿನ ಬ್ರೇಕನ್ನಷ್ಟೇ ಅವಲಂಬಿಸುತ್ತಾರೆ. ಆದರೆ ಬ್ರೇಕ್ ಹಿಡಿದಾಗ ಭಾರವು ಮುಂದಕ್ಕೆ ಸರಿಯುವುದರಿಂದ ವಾಹನವನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದಲ್ಲಿಯೇ ಇರುತ್ತದೆ.

ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎ.ಬಿ.ಎಸ್. ಉಳ್ಳ ಮೋಟಾರ್ ಸೈಕಲ್‌ಗಳು ಪ್ರಾಣಹಾನಿಯ ಅಪಘಾತಗಳಿಗೆ ಒಳಗಾಗುವ ಪ್ರಮಾಣವು ಅದೇ ಮಾದರಿಯ ಎ.ಬಿ.ಎಸ್. ರಹಿತ ವಾಹನಗಳಿಗಿಂತ ಶೇಕಡ 22ರಷ್ಟು ಕಡಿಮೆಯಿತ್ತು. ಹೆಚ್ಚು ಎಚ್ಚರವುಳ್ಳವರೇ ಎ.ಬಿ.ಎಸ್. ಕೊಳ್ಳುತ್ತಾರೆ ಎಂಬ ಸಾಧ್ಯತೆಯನ್ನು ಗಣನೆಗೆ ತೆಗೆದುಕೊಂಡರೂ ಈ ಅಂತರವನ್ನು ಕಡೆಗಣಿಸಲಾಗದು.

ನಮ್ಮಲ್ಲಿ ಮಾರಾಟವಾಗುವ ಕೆಲವು ಮೋಟಾರ್ ಸೈಕಲ್‌ಗಳಲ್ಲಿ ಎ.ಬಿ.ಎಸ್. ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ. ಅಂತಹ ವಾಹನದಲ್ಲಿ ಹಿಂದಿನ ಬ್ರೇಕನ್ನು ಬಲವಾಗಿ ಒತ್ತಿದರೆ ಹಿಂದಿನ ಚಕ್ರವು ಲಾಕ್ ಆಗಿಯೇ ಆಗುತ್ತದೆ. ಖರೀದಿಗೆ ಮುನ್ನ ಈ ಅಂಶವನ್ನು ಕೇಳಿ ತಿಳಿದುಕೊಳ್ಳುವುದು ಅವಶ್ಯಕ.

6. ಅನುಭವಿ ಚಾಲಕರು ಎಡವುವುದೆಲ್ಲಿ?

ದ್ವಿಚಕ್ರ ವಾಹನಗಳಲ್ಲಿ ಕಂಡುಬಂದಷ್ಟು ಸ್ಪಷ್ಟವಾದ ಲಾಭವು ಕಾರುಗಳ ಅಂಕಿ-ಅಂಶಗಳಲ್ಲಿ ಕಾಣುವುದಿಲ್ಲ. ಮೇಲೆ ಹೇಳಿದ ಅಮೆರಿಕದ ಸುರಕ್ಷತಾ ಆಡಳಿತವು 2009ರಲ್ಲಿ ಪ್ರಕಟಿಸಿದ ದೀರ್ಘಾವಧಿಯ ಅಧ್ಯಯನದಂತೆ, ಎ.ಬಿ.ಎಸ್. ಕಾರುಗಳ ಒಟ್ಟು ಅಪಘಾತಗಳನ್ನು ಶೇಕಡ 6ರಷ್ಟು ತಗ್ಗಿಸಿತಾದರೂ ಪ್ರಾಣಹಾನಿಯ ಅಪಘಾತಗಳ ಮೇಲೆ ಅದರ ನಿವ್ವಳ ಪರಿಣಾಮ ಬಹುತೇಕ ಶೂನ್ಯವಾಗಿತ್ತು. ಪಾದಚಾರಿಗಳಿಗೆ ಡಿಕ್ಕಿಯಾಗುವ ಮಾರಕ ಪ್ರಕರಣಗಳು ಕಡಿಮೆಯಾದವು. ರಸ್ತೆ ಬಿಟ್ಟು ಹೊರಗೆ ನುಗ್ಗುವ ಪ್ರಕರಣಗಳು ಹೆಚ್ಚಾದವು. ಸಾಧನವು ಚೆನ್ನಾಗಿದ್ದರೂ ಫಲಿತಾಂಶ ಹೀಗಾಗಲು ಚಾಲಕರ ನಡವಳಿಕೆಗೆ ಸಂಬಂಧಿಸಿದ ಎರಡು ಕಾರಣಗಳನ್ನು ಪರಿಗಣಿಸಬೇಕಾಗುತ್ತದೆ.

(ಅ) ಹಳೆಯ ಅಭ್ಯಾಸ: ಎ.ಬಿ.ಎಸ್. ಇಲ್ಲದ ವಾಹನಗಳಲ್ಲಿ ಕಲಿತವರಿಗೆ ಜಾರುವ ರಸ್ತೆಯಲ್ಲಿ ಬ್ರೇಕನ್ನು ಒತ್ತಿ-ಬಿಟ್ಟು, ಒತ್ತಿ-ಬಿಟ್ಟು ಮಾಡಬೇಕೆಂದು ಹೇಳಿಕೊಡಲಾಗಿತ್ತು. ಆ ಕಾಲಕ್ಕೆ ಅದು ಸರಿಯಾದ ಪಾಠ. ಎ.ಬಿ.ಎಸ್. ಇರುವ ವಾಹನದಲ್ಲಿ ಹಾಗೆ ಮಾಡಿದರೆ ಪ್ರತಿ ಬಾರಿ ಕಾಲೆತ್ತಿದಾಗಲೂ ನಿಲ್ಲುವ ದೂರ ಹೆಚ್ಚುತ್ತದೆ. ವ್ಯವಸ್ಥೆಯು ಕಾರ್ಯನಿರ್ವಹಿಸುವಾಗ ಪೆಡಲ್ ಅದುರುವುದನ್ನು ಕಂಡು ಬ್ರೇಕ್ ಕೆಟ್ಟಿತೆಂದು ಕಾಲೆತ್ತುವವರೂ ಇದ್ದಾರೆ. ಈ ತಪ್ಪು ಹೊಸಬರಿಗಿಂತ ಹಳಬರಿಂದ ಆಗುವ ಸಂಭವವೇ ಹೆಚ್ಚು; ಏಕೆಂದರೆ ಮರೆಯಬೇಕಾದ ಪಾಠ ಇರುವುದು ಅವರಲ್ಲಿಯೇ.

(ಆ) ಅತಿಯಾದ ಭರವಸೆ: ಜರ್ಮನಿಯ ಮ್ಯೂನಿಕ್ ನಗರದಲ್ಲಿ 1980ರ ದಶಕದಲ್ಲಿ ಟ್ಯಾಕ್ಸಿಗಳ ಮೇಲೆ ನಡೆದ ಅಧ್ಯಯನವು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಎ.ಬಿ.ಎಸ್. ಇದ್ದ ಟ್ಯಾಕ್ಸಿಗಳಿಗೆ ಅದಿಲ್ಲದ ಟ್ಯಾಕ್ಸಿಗಳಿಗಿಂತ ಕಡಿಮೆ ಅಪಘಾತಗಳೇನೂ ಆಗಲಿಲ್ಲ. ಯಾವ ಟ್ಯಾಕ್ಸಿಯಲ್ಲಿ ಎ.ಬಿ.ಎಸ್. ಇದೆಯೆಂದು ತಿಳಿಯದೆ ಪ್ರಯಾಣಿಕರಂತೆ ಕುಳಿತ ವೀಕ್ಷಕರು, ಅಂತಹ ಟ್ಯಾಕ್ಸಿಗಳ ಚಾಲನೆಯಲ್ಲಿ ತಿರುವುಗಳು ಹೆಚ್ಚು ಬಿರುಸಾಗಿಯೂ, ಪಥಪಾಲನೆ ಸಡಿಲವಾಗಿಯೂ ಇದ್ದುದನ್ನು ದಾಖಲಿಸಿದರು. ಇವರೆಲ್ಲರೂ ಚಾಲನೆಯನ್ನೇ ವೃತ್ತಿಯಾಗಿ ಉಳ್ಳವರು. ಸಾಧನವು ಕೊಟ್ಟ ಸುರಕ್ಷತೆಯನ್ನು ಅವರು ವೇಗಕ್ಕೆ ಖರ್ಚು ಮಾಡಿದರು.

7. ಒಂದು ಸರಳ ಲೆಕ್ಕ

ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ಬೇಕೆಂದೂ, ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ 0.7 ಎಂದೂ ಭಾವಿಸಿದಲ್ಲಿ:

– ಗಂಟೆಗೆ 60 ಕಿ.ಮೀ. ವೇಗದಲ್ಲಿ: ಪ್ರತಿಕ್ರಿಯೆಗೆ ಸುಮಾರು 17 ಮೀಟರ್, ಬ್ರೇಕಿಗೆ 20 ಮೀಟರ್, ಒಟ್ಟು 37 ಮೀಟರ್.
– ಗಂಟೆಗೆ 80 ಕಿ.ಮೀ. ವೇಗದಲ್ಲಿ: ಪ್ರತಿಕ್ರಿಯೆಗೆ ಸುಮಾರು 22 ಮೀಟರ್, ಬ್ರೇಕಿಗೆ 36 ಮೀಟರ್; ಒಟ್ಟು 58 ಮೀಟರ್.

ಮೊದಲನೆಯ ವಾಹನವು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ವಾಹನವು ಇನ್ನೂ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿಯೇ ಚಲಿಸುತ್ತಿರುತ್ತದೆ. ಎ.ಬಿ.ಎಸ್. ಅಥವಾ ಚಾಲಕನ ಕೌಶಲವು ಬ್ರೇಕ್ ದೂರದಲ್ಲಿ ಹತ್ತನೇ ಒಂದು ಭಾಗವನ್ನು ಉಳಿಸಿತೆಂದು ಭಾವಿಸಿದರೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಉಳಿತಾಯ 2 ಮೀಟರ್ ಮಾತ್ರ. ವೇಗದ ವ್ಯತ್ಯಾಸದಿಂದ ಕಳೆದುಹೋಗುವುದು 21 ಮೀಟರ್. ಎ.ಬಿ.ಎಸ್. ಮೇಲೋ ಕೈಚಳಕ ಮೇಲೋ ಎಂಬ ವಾದವು ಆ 2 ಮೀಟರಿಗೆ ಸಂಬಂಧಿಸಿದ್ದು. ಪ್ರತಿಕ್ರಿಯೆಯ ದೂರವನ್ನಂತೂ ಯಾವ ಬ್ರೇಕ್ ವ್ಯವಸ್ಥೆಯೂ ಕಡಿಮೆ ಮಾಡಲಾರದು.

8. ಸಾರ್ವಜನಿಕರು ಗಮನಿಸತಕ್ಕ ಅಂಶಗಳು

(1) ತುರ್ತು ಸಂದರ್ಭದಲ್ಲಿ ಎ.ಬಿ.ಎಸ್. ಇರುವ ಕಾರಿನ ಬ್ರೇಕನ್ನು ಬಲವಾಗಿ ಒತ್ತಿ, ವಾಹನ ನಿಲ್ಲುವವರೆಗೂ ಬಿಡದೆ ಹಿಡಿದು, ಅಪಾಯದಿಂದ ದೂರಕ್ಕೆ ನಿಧಾನವಾಗಿ ತಿರುಗಿಸತಕ್ಕದ್ದು. ಪೆಡಲ್ ಅದುರುವುದು ಮತ್ತು ಶಬ್ದ ಬರುವುದು ಸಹಜ.

(2) ದ್ವಿಚಕ್ರ ವಾಹನದಲ್ಲಿ ಎರಡೂ ಬ್ರೇಕುಗಳನ್ನು ಒಟ್ಟಿಗೆ ಬಳಸತಕ್ಕದ್ದು. ತಿರುವಿನಲ್ಲಿ ವಾಹನ ವಾಲಿರುವಾಗ ಸಾಮಾನ್ಯ ಎ.ಬಿ.ಎಸ್. ಪೂರ್ಣ ರಕ್ಷಣೆ ನೀಡಲಾರದು. ಆದುದರಿಂದ ತಿರುವಿಗೆ ಮುನ್ನವೇ ವೇಗವನ್ನು ತಗ್ಗಿಸತಕ್ಕದ್ದು.

(3) ಜಲ್ಲಿ, ಮರಳು ಅಥವಾ ಮಣ್ಣು ಹರಡಿರುವ ರಸ್ತೆಯಲ್ಲಿ ಎ.ಬಿ.ಎಸ್. ಇದ್ದರೂ ಮುಂದಿನ ವಾಹನದಿಂದ ಹೆಚ್ಚಿನ ಅಂತರವನ್ನು ಕಾಯ್ದುಕೊಳ್ಳತಕ್ಕದ್ದು.

(4) ಎ.ಬಿ.ಎಸ್. ಎಚ್ಚರಿಕೆ ದೀಪವು ಚಾಲನೆಯ ವೇಳೆ ಉರಿಯುತ್ತಲೇ ಇದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡಬಹುದಾದರೂ ಎ.ಬಿ.ಎಸ್. ಕೆಲಸ ಮಾಡುವುದಿಲ್ಲ. ತಡಮಾಡದೆ ದುರಸ್ತಿ ಮಾಡಿಸತಕ್ಕದ್ದು. ಸವೆದ ಟೈರಿಗೆ ಎ.ಬಿ.ಎಸ್. ಹಿಡಿತವನ್ನು ತಂದುಕೊಡಲಾರದು.

(5) ಕಡ್ಡಾಯವಾಗಿ ಅಳವಡಿಸಲಾದ ಎ.ಬಿ.ಎಸ್. ಅನ್ನು ಫ್ಯೂಸ್ ತೆಗೆದು ಅಥವಾ ತಂತಿ ಕತ್ತರಿಸಿ ನಿಷ್ಕ್ರಿಯಗೊಳಿಸಬಾರದು. ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣವು ವಾಹನದ ಅನಧಿಕೃತ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182-ಎ (4)ನೇ ಪ್ರಕರಣದನ್ವಯ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

(6) ಕಲಿಕಾ ಅನುಜ್ಞಾ ಪತ್ರ ಪಡೆದ ದಿನದಿಂದ ಚಾಲನಾ ಪರೀಕ್ಷೆಯವರೆಗೆ ಕನಿಷ್ಠ 30 ದಿನಗಳ ಅವಧಿ ಇರುತ್ತದೆ. ಅರ್ಜಿದಾರರು ಈ ಅವಧಿಯಲ್ಲಿ ಬೋಧಕರ ಸಮ್ಮುಖದಲ್ಲಿ, ಸಂಚಾರವಿಲ್ಲದ ಸುರಕ್ಷಿತ ಸ್ಥಳದಲ್ಲಿ, ಕಡಿಮೆ ವೇಗದಲ್ಲಿ ಬಲವಾಗಿ ಬ್ರೇಕ್ ಹಿಡಿಯುವುದನ್ನು ಅಭ್ಯಾಸ ಮಾಡುವುದು ಸೂಕ್ತ. ಹೊಸದಾಗಿ ಎ.ಬಿ.ಎಸ್. ವಾಹನ ಖರೀದಿಸಿರುವ ಅನುಭವಿ ಚಾಲಕರಿಗೂ ಇದೇ ಅಭ್ಯಾಸ ಅಗತ್ಯ. ಪೆಡಲಿನ ಅದುರುವಿಕೆಯ ಮೊದಲ ಪರಿಚಯವು ಅಪಘಾತದ ಕ್ಷಣದಲ್ಲಿ ಆಗಬಾರದು.

9. ಉಪಸಂಹಾರ

ಮೇಲ್ಕಂಡ ಸಂಗತಿಗಳನ್ನು ಒಟ್ಟಾಗಿ ಪರಿಶೀಲಿಸಿದಲ್ಲಿ, ಎ.ಬಿ.ಎಸ್. ನುರಿತ ಚಾಲಕನ ಕೌಶಲಕ್ಕೆ ಪ್ರತಿಸ್ಪರ್ಧಿಯಲ್ಲ ಎಂಬುದು ಸ್ಪಷ್ಟವಾಗುತ್ತದೆ. ಸಡಿಲ ಜಲ್ಲಿಯಂತಹ ಕೆಲವು ರಸ್ತೆಗಳಲ್ಲಿ ಅದಕ್ಕೆ ನಿಜವಾದ ಕೊರತೆಯಿದೆ; ಅದನ್ನು ಮರೆಮಾಚುವ ಅಗತ್ಯವಿಲ್ಲ. ಉಳಿದೆಡೆ ಅದು ತೊಡಕಾಗುವುದು ಹಳೆಯ ಅಭ್ಯಾಸವನ್ನು ಬಿಡದವರಿಗೆ ಮತ್ತು ಅದರ ಭರವಸೆಯಿಂದ ವೇಗ ಹೆಚ್ಚಿಸುವವರಿಗೆ. ಚಾಲಕನ ನಿಜವಾದ ಕೌಶಲವು ಬ್ರೇಕ್ ಹಿಡಿಯುವ ಕ್ಷಣಕ್ಕಿಂತ ಮೊದಲೇ, ಅಂದರೆ ವೇಗವನ್ನು ಆಯ್ದುಕೊಳ್ಳುವುದರಲ್ಲಿ, ಅಂತರ ಕಾಯ್ದುಕೊಳ್ಳುವುದರಲ್ಲಿ ಮತ್ತು ಮುಂದಿನ ರಸ್ತೆಯನ್ನು ಓದುವುದರಲ್ಲಿ ಇರುತ್ತದೆ. ಆ ಕೌಶಲ ಉಳ್ಳವರಿಗೆ ಎ.ಬಿ.ಎಸ್. ವಿರಳವಾಗಿ ಬೇಕಾಗುತ್ತದೆ, ಬೇಕಾದ ದಿನ ಅದು ವಾಹನದಲ್ಲಿ ಇರಬೇಕು, ಸುಸ್ಥಿತಿಯಲ್ಲಿರಬೇಕು ಮತ್ತು ಅದನ್ನು ಬಳಸುವ ಬಗೆ ಚಾಲಕರಿಗೆ ತಿಳಿದಿರಬೇಕು.