ಲೈಬ್ರರಿ ಹೊಸ ಭಾಷೆಗೆ ಹೋಗುವಾಗ ಕನ್ನಡದ ಪರೀಕ್ಷೆಯೂ ಜೊತೆಗಿರಲಿ

2025ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 133ನೇ ಆವೃತ್ತಿಯಲ್ಲಿ ಗೂಗಲ್ ಒಂದು ದೊಡ್ಡ ಕೆಲಸ ಮಾಡಿ ಮುಗಿಸಿತು. ಆಂಡ್ರಾಯ್ಡ್ ಫೋನುಗಳಲ್ಲಿ, ಲಿನಕ್ಸ್ ಕಂಪ್ಯೂಟರುಗಳಲ್ಲಿ ಜಾಲತಾಣಗಳ ಫಾಂಟುಗಳನ್ನು ಓದಿ ಅಕ್ಷರದ ಆಕಾರ ಕೊಡುತ್ತಿದ್ದ ಫ್ರೀಟೈಪ್ ಎಂಬ ತಂತ್ರಾಂಶ ಲೈಬ್ರರಿಯನ್ನು ತೆಗೆದು, ಅದರ ಜಾಗಕ್ಕೆ ಸ್ಕ್ರಿಫಾ ಎಂಬ ಹೊಸದನ್ನು ತಂದಿತು. ಫ್ರೀಟೈಪ್ 1996ರಲ್ಲಿ ಶುರುವಾಗಿ ಸಿ ಭಾಷೆಯಲ್ಲಿ ಬೆಳೆದು ಬಂದದ್ದು. ಸ್ಕ್ರಿಫಾ ಬರೆದಿರುವುದು ರಸ್ಟ್ ಭಾಷೆಯಲ್ಲಿ. ಎರಡೂ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ನಡೆಯುತ್ತಿದ್ದುದನ್ನು ಯಾಕೆ ಬದಲಿಸಬೇಕಿತ್ತು? ಉತ್ತರ 2020ರ ಅಕ್ಟೋಬರ್‌ನಲ್ಲಿದೆ. ಫಾಂಟಿನ ಫೈಲಿನೊಳಗೆ ಪಿಎನ್‌ಜಿ ಚಿತ್ರಗಳು ಇರಬಹುದು. ಅಂಥ ಚಿತ್ರದ ಅಗಲ, ಎತ್ತರ 32 ಬಿಟ್‌ಗಳಲ್ಲಿ ದಾಖಲಾಗಿರುತ್ತವೆ. ಫ್ರೀಟೈಪ್ ಅವನ್ನು 16 ಬಿಟ್‌ಗಳ ಜಾಗಕ್ಕೆ ಇಳಿಸುತ್ತಿತ್ತು. ಅಳತೆ 65,535 ದಾಟಿದರೆ ಮೇಲಿನ ಭಾಗ ಕತ್ತರಿಸಿಹೋಗಿ ಸಣ್ಣ ಸಂಖ್ಯೆಯೊಂದು ಉಳಿಯುತ್ತಿತ್ತು. ಮೆಮೊರಿ ಕಾದಿರಿಸುತ್ತಿದ್ದುದು ಆ ಸಣ್ಣ ಸಂಖ್ಯೆಯ ಲೆಕ್ಕದಲ್ಲಿ, ಚಿತ್ರ ಬಂದು ಇಳಿಯುತ್ತಿದ್ದುದು ಪೂರ್ತಿ ಅಳತೆಯಲ್ಲಿ. ಹೆಚ್ಚಾದದ್ದು ಪಕ್ಕದ ಮೆಮೊರಿಯ ಮೇಲೆ ಹರಿಯುತ್ತಿತ್ತು. ದೋಷ ಬಯಲಾಗುವ ಹೊತ್ತಿಗೆ ದಾಳಿಕೋರರು ಕ್ರೋಮ್ ಬಳಕೆದಾರರ ಮೇಲೆ ಇದನ್ನು ಪ್ರಯೋಗಿಸಿ ಆಗಿತ್ತು. 2025ರ ಮಾರ್ಚ್‌ನಲ್ಲಿ ಅದೇ ಲೈಬ್ರರಿಯಲ್ಲಿ ಇನ್ನೊಂದು ಗಂಭೀರ ದೋಷ ಹೊರಬಿತ್ತು.

ಇದು ಒಬ್ಬಿಬ್ಬರು ಪ್ರೋಗ್ರಾಮರ್‌ಗಳ ಅಜಾಗರೂಕತೆಯಲ್ಲ. ತನ್ನ ತಂತ್ರಾಂಶಗಳಲ್ಲಿ ಸಿಗುವ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿ ನಿರ್ವಹಣೆಗೆ ಸೇರಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಕ್ರೋಮ್‌ನ ಗಂಭೀರ ದೋಷಗಳ ಲೆಕ್ಕವೂ ಮರುವರ್ಷ ಅಲ್ಲಿಗೇ ಬಂತು. ರಸ್ಟ್ ಇಂಥ ತಪ್ಪುಗಳಲ್ಲಿ ಬಹುಪಾಲನ್ನು ಪ್ರೋಗ್ರಾಮ್ ಕಂಪೈಲ್ ಆಗುವ ಹಂತದಲ್ಲೇ ತಡೆಯುತ್ತದೆ. ಉಳಿದವುಗಳಲ್ಲಿ ಹೆಚ್ಚಿನವು ಎದುರಾದರೆ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ, ಪಕ್ಕದ ಮೆಮೊರಿ ಕೆಡುವುದಿಲ್ಲ. ಹಾಗಾಗಿ ಹಳೆಯ ಲೈಬ್ರರಿಗಳನ್ನು ಇಂಥ ಭಾಷೆಗಳಿಗೆ ಪೋರ್ಟ್ ಮಾಡುವುದು, ಅಂದರೆ ಆ ಭಾಷೆಯಲ್ಲಿ ಮತ್ತೆ ಬರೆಯುವುದು, ಸರಿಯಾದ ದಾರಿ. ಅದರಲ್ಲಿ ಎರಡು ಮಾತಿಲ್ಲ.

ಎಚ್ಚರ ಬೇಕಾಗಿರುವುದು ಬೇರೆ ಕಡೆ. ಹಳೆಯ ಕೋಡಿನಲ್ಲಿ ಎಷ್ಟೋ ವರ್ಷಗಳ ಬಳಕೆಯಿಂದ ಬಂದ ತಿದ್ದುಪಡಿಗಳಿರುತ್ತವೆ. ಅವೆಲ್ಲ ಕೈಪಿಡಿಯಲ್ಲಿ ಬರೆದಿರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10, ದಶಕಗಳಿಂದ ಬಳಕೆಯಲ್ಲಿದ್ದ ಮೂಲ ಕಮಾಂಡುಗಳ ಬದಲಿಗೆ ರಸ್ಟ್‌ನಲ್ಲಿ ಬರೆದವನ್ನು ಅಳವಡಿಸಿತು. ‘ಡೇಟ್’ ಕಮಾಂಡಿಗೆ ‘ಆರ್’ ಎಂಬ ಆಯ್ಕೆಯನ್ನೂ ಫೈಲಿನ ಹೆಸರನ್ನೂ ಕೊಟ್ಟರೆ ಆ ಫೈಲನ್ನು ಕೊನೆಯದಾಗಿ ತಿದ್ದಿದ ಹೊತ್ತನ್ನು ಅದು ಹೇಳಬೇಕು. ಹೊಸದು ಆ ಆಯ್ಕೆಯನ್ನು ತೆಗೆದುಕೊಂಡಂತೆ ಮಾಡಿ, ಯಾವ ದೋಷವನ್ನೂ ಸೂಚಿಸದೆ, ಆಗಿನ ಸಮಯವನ್ನೇ ಹೇಳುತ್ತಿತ್ತು. ಪರಿಣಾಮವಾಗಿ ಕೆಲವು ಯಂತ್ರಗಳಲ್ಲಿ ಭದ್ರತಾ ಅಪ್‌ಡೇಟ್‌ಗಳ ಸ್ವಯಂಚಾಲಿತ ತಪಾಸಣೆಯೇ ನಿಂತುಹೋಯಿತು. ಭದ್ರತೆಗೆಂದು ಮಾಡಿದ ಬದಲಾವಣೆ ಭದ್ರತೆಗೇ ಅಡ್ಡ ಬಂತು. ಕೆಲವೇ ದಿನಗಳಲ್ಲಿ ಇದನ್ನು ಸರಿಪಡಿಸಿದರೂ, ಈ ಒಂದು ಆಯ್ಕೆಗೆ ಮೊದಲೇ ಪರೀಕ್ಷೆಯೊಂದಿದ್ದರೆ ಅದು ಬಳಕೆದಾರರನ್ನು ಮುಟ್ಟುತ್ತಲೇ ಇರಲಿಲ್ಲ.

ಕನ್ನಡಿಗರು ಈ ವಿಷಯಕ್ಕೆ ಕಿವಿಗೊಡಬೇಕಾದದ್ದು ಇದೇ ಕಾರಣಕ್ಕೆ.

ಫ್ರೀಟೈಪ್ ಒಂದೊಂದು ಅಕ್ಷರದ ಆಕಾರ ಕೊಡುತ್ತದೆ. ಯಾವ ಅಕ್ಷರಕ್ಕೆ ಯಾವ ಒತ್ತು, ಅದು ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವುದು ಹಾರ್ಫ್‌ಬಝ್ ಎಂಬ ಇನ್ನೊಂದು ಲೈಬ್ರರಿ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡ ಕನ್ನಡವಾಗಿ ಕಾಣುವುದು ಇದರಿಂದ. ‘ಸೂರ್ಯ’ ಎಂದು ಬರೆದಾಗ ಫೈಲಿನಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಪರದೆಯ ಮೇಲೆ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಆದರೆ ‘ರ‍್ಯಾಲಿ’ ಎಂಬಲ್ಲಿ ರಕಾರ ಪೂರ್ತಿ ನಿಂತು ಯಕಾರ ಒತ್ತಾಗಬೇಕು. ಅದಕ್ಕಾಗಿ ಯೂನಿಕೋಡ್ ನಿಯಮದಂತೆ ರಕಾರಕ್ಕೂ ಹಲಂತಕ್ಕೂ ನಡುವೆ ಝೀರೋ ವಿಡ್ತ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಇಡಬೇಕು. ಉಬುಂಟುವಿನ ‘ಡೇಟ್’ ತನ್ನ ಆಯ್ಕೆಯನ್ನು ಕೈಬಿಟ್ಟಂತೆ ಈ ಚಿಹ್ನೆಯನ್ನು ಯಾವುದಾದರೂ ಲೈಬ್ರರಿ ಕೈಬಿಟ್ಟರೆ ಪ್ರೋಗ್ರಾಮ್ ನಿಲ್ಲುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ. ಪದ ಮಾತ್ರ ಕೆಡುತ್ತದೆ.

ಹಾರ್ಫ್‌ಬಝ್ ಕೂಡ ಈಗ ರಸ್ಟ್‌ನತ್ತ ಹೊರಟಿದೆ. ರಸ್ಟಿಬಝ್ ಎಂಬ ಹಿಂದಿನ ಪೋರ್ಟನ್ನು ಆಧರಿಸಿ 2025ರಲ್ಲಿ ಹಾರ್ಫ್‌ರಸ್ಟ್ ಶುರುವಾಯಿತು. ಮೂಲದ ಪರೀಕ್ಷೆಗಳಲ್ಲಿ ಬಹುಪಾಲನ್ನು ಅದು ದಾಟಿದೆ. ಆ ಪರೀಕ್ಷೆಗಳ ಹಿಂದೆ ದೊಡ್ಡ ಶ್ರಮವಿದೆ: ಹಾರ್ಫ್‌ಬಝ್ ಬೆಳೆಯುತ್ತಿದ್ದ ದಿನಗಳಲ್ಲಿ ವಿಕಿಪೀಡಿಯಾದಿಂದ ತೆಗೆದ ಲಕ್ಷಾಂತರ ಕನ್ನಡ ಪದಗಳನ್ನು ಮೈಕ್ರೋಸಾಫ್ಟ್‌ನ ಯೂನಿಸ್ಕ್ರೈಬ್ ಹೇಗೆ ತೋರಿಸುತ್ತದೆ ಎಂಬುದರೊಂದಿಗೆ ಹೋಲಿಸಿ ನೋಡಲಾಗಿತ್ತು. ಅಂದರೆ ಒರೆಗಲ್ಲು ಒಂದು ಕಂಪನಿಯ ತಂತ್ರಾಂಶ. ಅದು ತಪ್ಪಿದ ಕಡೆ ಸರಿ ಯಾವುದು ಎಂದು ಹೇಳಬೇಕಾದವರು ಕನ್ನಡ ಬಲ್ಲವರು.

ಪೋರ್ಟ್‌ಗಳು ಸೋಲುವುದು ಅಂಥವರು ಮುಂದೆ ಬರದಿದ್ದಾಗ. ಕರ್ಲ್ ಎಂಬ ಪ್ರಸಿದ್ಧ ಲೈಬ್ರರಿಯ ಕರ್ತೃ ಡೇನಿಯಲ್ ಸ್ಟೆನ್‌ಬರ್ಗ್, ರಸ್ಟ್‌ನ ಹೈಪರ್ ಎಂಬ ಲೈಬ್ರರಿಯನ್ನು ಅದರೊಳಗೆ ಅಳವಡಿಸುವ ಯತ್ನವನ್ನು 2020ರಲ್ಲಿ ಆರಂಭಿಸಿ, 2024ರ ಡಿಸೆಂಬರ್‌ನಲ್ಲಿ ಕೈಬಿಟ್ಟರು. ಬಹುಪಾಲು ಕೆಲಸ ಮುಗಿದಿತ್ತು. ಸಿ, ರಸ್ಟ್ ಎರಡನ್ನೂ ಬಲ್ಲವರು, ಅದು ಬೇಕೆಂದು ಕೇಳುವವರು ಸಿಗದೆ ಉಳಿದದ್ದು ಮುಗಿಯಲಿಲ್ಲ.

ಈ ಕೆಲಸಕ್ಕೆ ಕೋಟಿಗಟ್ಟಲೆ ಹಣ ಬೇಡ. ತೊಡಕಿನ ಕನ್ನಡ ಪದಗಳದೊಂದು ಪಟ್ಟಿ, ಪ್ರತಿ ಪದದ ಯೂನಿಕೋಡ್ ಸರಣಿ, ಅದು ಕಾಣಬೇಕಾದ ರೂಪದ ಚಿತ್ರ ಇಷ್ಟು ಸಾಕು. ಹಳಗನ್ನಡದ ಱ, ೞ ಬರುವ ಪದಗಳು, ಎರಡು ಒತ್ತು ಬರುವ ಪದಗಳು, ಇಂಗ್ಲಿಷಿನಿಂದ ಬಂದ ಹೆಸರುಗಳು ಅದರಲ್ಲಿರಬೇಕು. ಸರಿ ರೂಪವನ್ನು ಭಾಷಾ ವಿದ್ವಾಂಸರೂ ಫಾಂಟ್ ವಿನ್ಯಾಸಕಾರರೂ ಕೂತು ನಿರ್ಧರಿಸಲಿ. ಬೆಂಗಳೂರಿನ ತಂತ್ರಜ್ಞರು ಅದನ್ನು ಪರೀಕ್ಷೆಗಳಾಗಿ ಬರೆದು ಹಾರ್ಫ್‌ಬಝ್‌ಗೂ ಹಾರ್ಫ್‌ರಸ್ಟ್‌ಗೂ ಕಳಿಸಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮುಂದಾಳತ್ವ ವಹಿಸಿ ಪಟ್ಟಿಯನ್ನು ಮುಕ್ತ ಪರವಾನಗಿಯಲ್ಲಿ ಪ್ರಕಟಿಸಲಿ. ಪೋರ್ಟಿನ ಕೆಲಸ ನಡೆಯುತ್ತಿರುವಾಗಲೇ ಅದು ತಲುಪಬೇಕು.