ಹಿಮಪಾತವೋ, ಹಿಮಕುಸಿತವೋ?

2016ರ ಫೆಬ್ರವರಿಯ ಆ ದಿನಗಳನ್ನು ಕನ್ನಡಿಗರು ಮರೆತಿರಲಾರರು. 3ನೆಯ ತಾರೀಖು ಸಿಯಾಚಿನ್ನಿನಲ್ಲಿ 19,600 ಅಡಿ ಎತ್ತರದ ಸೈನಿಕ ಠಾಣೆಯೊಂದರ ಮೇಲೆ ಹಿಮಗಡ್ಡೆಯ ಗೋಡೆ ಉರುಳಿ ಹತ್ತು ಮಂದಿ ಯೋಧರು ಹೂತುಹೋದರು. ಆರನೆಯ ದಿನ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ಜೀವಂತವಾಗಿ ಹೊರತೆಗೆದಾಗ ನಾಡೆಲ್ಲ ಕೈಮುಗಿಯಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಅತ್ತಿತು. ನಾನೂ ಅತ್ತವನೇ. ಆದರೆ ಅಂದಿನಿಂದ ಒಂದು ಶಬ್ದ ನನ್ನನ್ನು ಕಾಡುತ್ತಿದೆ.

ಅಂದು ನಾವು ಓದಿದ್ದು ‘ಹಿಮಪಾತ’ ಎಂದು. ಹಿಮ ಸುರಿಯುವುದಕ್ಕೂ, ಸುರಿದು ನಿಂತದ್ದು ಕುಸಿಯುವುದಕ್ಕೂ ನಮ್ಮಲ್ಲಿ ಅನೇಕ ವೇಳೆ ಬಳಕೆಯಾಗುವುದು ಇದೇ ಮಾತು. ಹಿಮವನ್ನೇ ಕಾಣದ ನಾಡಿಗೆ ಇದು ಸಹಜವೆನ್ನೋಣ. ಆದರೂ ಸುರಿಯುವುದು ಆಕಾಶದ ಇಚ್ಛೆ; ಕುಸಿಯುವುದಕ್ಕೆ ಇಳಿಜಾರಿನಲ್ಲಿಯೇ ಕಾರಣವುಂಟು, ಅನೇಕ ವೇಳೆ ಮುನ್ಸೂಚನೆಯೂ ಉಂಟು.

ಒಂದೊಂದು ಬಿರುಗಾಳಿಯೂ ಬೆಟ್ಟದ ಮೇಲೆ ಒಂದೊಂದು ಪದರವನ್ನು ಹಾಸಿ ಹೋಗುತ್ತದೆ. ಕೆಳಗಿನ ಪದರವು ಚಳಿಯಲ್ಲಿ ಸಕ್ಕರೆಯಂತೆ ಹರಳುಗಟ್ಟಿ ಬಿಗಿ ಕಳೆದುಕೊಂಡಿದ್ದರೆ, ಗಾಳಿ ತಂದು ಪೇರಿಸಿದ ಮೇಲಿನ ಗಟ್ಟಿ ಹಾಸಿಗೆ ಆಧಾರವೇ ಇರುವುದಿಲ್ಲ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಅದು ಒಡೆದು ಜಾರಲು ಒಬ್ಬ ಮನುಷ್ಯನ ಭಾರ ಸಾಕು. ಪಶ್ಚಿಮ ದೇಶಗಳ ಪರ್ವತಗಳಲ್ಲಿ ವಿಹಾರಕ್ಕೆಂದು ಹೋಗಿ ಸಿಕ್ಕಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಮೇಲೆ ಬಿದ್ದ ಹಿಮವನ್ನು ಕೆಡಹಿದವರು ಅವರೇ, ಇಲ್ಲವೆ ಅವರ ಜೊತೆಗಾರರೇ ಎಂಬುದು ತಜ್ಞರ ಲೆಕ್ಕ. ಹೂತವರಲ್ಲಿ ಬಹುಪಾಲು ಜನ ಮೊದಲ ಹತ್ತು ನಿಮಿಷ ಬದುಕಿರುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಉಳಿಯುವವರು ಕೆಲವರು. ಹನುಮಂತಪ್ಪನವರ ಆರು ದಿನಗಳು ಈ ನಿಯಮಕ್ಕೆ ಅಪರೂಪದ ಅಪವಾದ.

ಅಪಾಯವನ್ನು ಅಳೆಯಲು ಐದು ಮೆಟ್ಟಿಲುಗಳ ಮಾಪಕವೊಂದಿದೆ. ಹೆಚ್ಚಿನ ಸಾವುಗಳು ಸಂಭವಿಸುವುದು ಕೊನೆಯ ಮೆಟ್ಟಿಲಿನಲ್ಲಲ್ಲ, ಮೂರನೆಯದರಲ್ಲಿ. ಐದರಲ್ಲಿ ಎಲ್ಲರೂ ಅಂಜಿ ಮನೆಯಲ್ಲಿರುತ್ತಾರೆ. ಮೂರು ಎಂದಾಗ ‘ನಡುವಣದಲ್ಲವೆ’ ಎಂದು ಹೊರಡುತ್ತಾರೆ!

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಪರ್ವತಾರೋಹಣ ತರಬೇತಿಯ ತಂಡವೊಂದರ 29 ಮಂದಿ ಕುಸಿತಕ್ಕೆ ಬಲಿಯಾದರು. ಅವರಲ್ಲಿ ಕರ್ನಾಟಕದವರೂ ಇದ್ದರು. ಬಲ್ಲವರ ಜೊತೆಯಲ್ಲಿಯೂ ಹೀಗಾಗಬಹುದಾದರೆ, ಏನನ್ನೂ ಅರಿಯದೆ ಹೊರಡುವವರ ಗತಿಯೇನು? ಇಂದು ನಮ್ಮ ಕಾಲೇಜುಗಳ ಎಷ್ಟೋ ಹುಡುಗರು ಹಿಮಾಲಯಕ್ಕೆ ಹೋಗುತ್ತಾರೆ. ನಮ್ಮ ರಕ್ಷಣಾ ಸಂಶೋಧನೆಯ ಸಂಸ್ಥೆಯೇ ಅಲ್ಲಿಗೆ ಕುಸಿತದ ಮುನ್ಸೂಚನೆ ಹೊರಡಿಸುತ್ತದೆ ಎಂಬುದನ್ನು ಅವರಲ್ಲಿ ಎಷ್ಟು ಮಂದಿ ಕೇಳಿದ್ದಾರೆ?

ಠಾಣೆಯ ಯೋಧನಿಗೆ ಹಿಂತಿರುಗುವ ಸ್ವಾತಂತ್ರ್ಯವಿಲ್ಲ; ಚಾರಣಿಗನಿಗೆ ಅದು ಇದೆ. ಇಬ್ಬರ ಸಾವನ್ನೂ ‘ಹಿಮಪಾತ’ವೆಂದು ಒಂದೇ ವಿಧಿಯ ಲೆಕ್ಕಕ್ಕೆ ಬರೆದರೆ ಯೋಧನ ತ್ಯಾಗವನ್ನೂ ಅರಿತಂತಾಗದು, ಚಾರಣಿಗನನ್ನೂ ಉಳಿಸಿದಂತಾಗದು. ಮೊದಲು ಕುಸಿತವನ್ನು ಕುಸಿತವೆಂದು ಕರೆಯೋಣ.