ಹತ್ತು ಗಂಟೆಯೊಳಗಿನ ರಸಮಂಜರಿ

ಈಗಿನ ಹಾಡುಗಳಲ್ಲಿ ಸಾಹಿತ್ಯವಿಲ್ಲ, ಇದ್ದರೂ ಕೇಳಿಸುವುದಿಲ್ಲ, ಕೇಳಿಸಿದರೂ ಅರ್ಥವಾಗುವುದಿಲ್ಲ ಎಂಬ ತ್ರಿವಿಧ ದೂಷಣೆಯನ್ನು ನಾನು ಮೊದಲು ಕೇಳಿದ್ದು ನನ್ನ ತಂದೆಯವರ ಬಾಯಿಂದ. ಅವರು ಅದನ್ನು ತಮ್ಮ ತಂದೆಯವರಿಂದ ಕೇಳಿದ್ದರಂತೆ. ಈಗ ನಾನೂ ಅದೇ ಮಾತನ್ನಾಡಿದರೆ ಪಿತ್ರಾರ್ಜಿತ ಆಸ್ತಿಯನ್ನು ಕಾಪಾಡಿಕೊಂಡು ಬಂದ ಕೀರ್ತಿ ದೊರೆತೀತೇ ಹೊರತು ಹಾಡಿಗೆ ಅದರಿಂದ ಯಾವ ಉಪಕಾರವೂ ಇಲ್ಲ. ಆದುದರಿಂದ ಬೇರೊಂದು ಅಳತೆಗೋಲನ್ನು ವಾಚಕರ ಮುಂದಿಡುತ್ತೇನೆ. ಹೊಸ ಹಾಡು ಬಾಳುವುದೋ ಬಾಡುವುದೋ ಎಂಬುದನ್ನು ತೀರ್ಮಾನಿಸಲು ವಿಮರ್ಶಕರು ಬೇಡ. ಯೂಟ್ಯೂಬಿನಲ್ಲಿ ಅದನ್ನು ಎಷ್ಟು ಕೋಟಿ ಸಲ ನೋಡಿದರೆಂಬ ಲೆಕ್ಕವೂ ಬೇಡ. ಮಾಗಡಿ ರಸ್ತೆಯ ನಮ್ಮ ಬ್ಯಾಡರಹಳ್ಳಿಯಲ್ಲಿ, ಗಣೇಶನ ಹಬ್ಬದಿಂದ ಹಿಡಿದು ನವೆಂಬರ್ ತಿಂಗಳು ಮುಗಿಯುವವರೆಗೆ, ಒಂದಲ್ಲ ಒಂದು ಅಡ್ಡರಸ್ತೆಯಲ್ಲಿ ನಡೆಯುತ್ತಲೇ ಇರುವ ರಸಮಂಜರಿಗೆ ಆ ಹಾಡನ್ನು ಒಪ್ಪಿಸಿದರೆ ಸಾಕು.

ರಸಮಂಜರಿ ಎಂಬುದು ಬಹು ದೊಡ್ಡ ಮಾತು. ಭಾನುದತ್ತನೆಂಬ ಪಂಡಿತನು ಆ ಹೆಸರಿನಲ್ಲಿ ಸಂಸ್ಕೃತದಲ್ಲೊಂದು ಗ್ರಂಥವನ್ನು ರಚಿಸಿ, ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ನಾಯಿಕೆಯರನ್ನು ಬಗೆಬಗೆಯಾಗಿ ವಿಂಗಡಿಸಿದ. ನಮ್ಮ ಬಡಾವಣೆಯ ಫ್ಲೆಕ್ಸಿನಲ್ಲಿ ಅದೇ ಪದದ ಸುತ್ತ ಎರಡು ಡಜನ್ ಮುಖಗಳು ಅಚ್ಚಾಗಿರುತ್ತವೆ. ಅವುಗಳಲ್ಲಿ ನಾಯಿಕೆಯ ಮುಖ ಒಂದೂ ಇಲ್ಲ, ಎಲ್ಲವೂ ನಾಯಕರವೇ. ಹಾಡುವವರ ಹೆಸರನ್ನು ಭೂತಕನ್ನಡಿ ಹಿಡಿದು ಹುಡುಕಬೇಕು.

ಪರೀಕ್ಷೆಯ ಕ್ರಮ ಇಂತಿದೆ. ಸಿನಿಮಾ ಹಾಡು ಹುಟ್ಟುವಾಗ ಅದರ ಮೈತುಂಬ ಒಡವೆ. ನೂರು ಪಿಟೀಲುಗಳ ನಾದವನ್ನು ಒಂದೇ ಕಂಪ್ಯೂಟರು ಹೊರಡಿಸುತ್ತದೆ. ಹಾಡುವವರ ಸ್ವರ ಒಂದೆಳೆ ಜಾರಿದರೆ ಮತ್ತೊಂದು ಯಂತ್ರ ಅದನ್ನು ಕಿವಿ ಹಿಡಿದು ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ಇವೆರಡೂ ಸಾಲದೆಂದು ಪರದೆಯ ಮೇಲೆ ನಾಯಕಿ ಹಿಮದ ನಡುವೆ ತೆಳುಸೀರೆಯುಟ್ಟು ನಿಂತಿರುತ್ತಾಳೆ. ಅದೇ ಹಾಡು ನಮ್ಮ ಅಡ್ಡರಸ್ತೆಗೆ ಬಂದಾಗ ಒಡವೆಗಳೆಲ್ಲ ಕಳಚಿ, ತವರಿಗೆ ಬಂದ ಮಗಳ ಹಾಗೆ ಹಳೆಯ ಸೀರೆಯಲ್ಲಿ ನಿಲ್ಲುತ್ತದೆ. ಇಲ್ಲಿರುವುದು ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ತಬಲಾ, ಢೋಲಕ್ಕು, ಎಕೋ ಹೆಚ್ಚಾದ ಮೈಕು ಮತ್ತು ವೇದಿಕೆಯ ಕೆಳಗೆ ಮಲಗಿರುವ ಬೀದಿಯ ನಾಯಿ. ಇಷ್ಟರ ನಡುವೆಯೂ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳು ತಲೆದೂಗಿದರೆ ಹಾಡು ಪಾಸಾಯಿತು. ಕುರ್ಚಿಗಳು ಎದ್ದು ಪ್ರಸಾದದ ದೊನ್ನೆಯ ಕಡೆಗೆ ನಡೆದರೆ, ಕೋಟಿಗಳ ಲೆಕ್ಕ ಏನೇ ಹೇಳಲಿ, ನಪಾಸು.

ಈ ಪರೀಕ್ಷೆಯಲ್ಲಿ ಅರ್ಧ ಶತಮಾನದಿಂದ ಮೊದಲ ದರ್ಜೆ ಪಡೆಯುತ್ತ ಬಂದಿರುವ ಹಾಡು ಎಮ್ಮೆಯದು. ೧೯೭೪ರಲ್ಲಿ ತೆರೆಕಂಡ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರರು ಎಮ್ಮೆಯ ಬೆನ್ನೇರಿ ಹಾಡುವ ಆ ಗೀತೆಯನ್ನು ಬರೆದವರು ಚಿ. ಉದಯಶಂಕರ್, ರಾಗ ಹಾಕಿದವರು ಜಿ.ಕೆ. ವೆಂಕಟೇಶ್. ಅಲ್ಲಿಯವರೆಗೆ ರಾಜ್‌ಕುಮಾರರಿಗೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸರ ಕಂಠ, ಅಲ್ಲಿಂದ ಮುಂದೆ ಸ್ವಂತ ಕಂಠ. ಎಮ್ಮೆಯ ಮೇಲೊಂದು ಹಾಡೇ, ಇದೂ ಒಂದು ಸಾಹಿತ್ಯವೇ ಎಂದು ಅಂದೂ ಮೂಗು ಮುರಿದ ಹಿರಿಯರು ಇದ್ದಿರಲೇಬೇಕು. ಅವರ ಮಕ್ಕಳು ಇಂದು ಅದೇ ಹಾಡನ್ನು ಕಣ್ಣು ಮುಚ್ಚಿ ಆಲಿಸುತ್ತ, “ಹಾಡೆಂದರೆ ಇದು!” ಎನ್ನುತ್ತಾರೆ.

‘ಏನಿಲ್ಲ ಏನಿಲ್ಲ’ ಎಂಬ ಹಾಡಿನ ಜಾತಕವೂ ಇಂಥದೇ. ಗುರುಕಿರಣರ ಸಂಗೀತದಲ್ಲಿ ೧೯೯೯ರ ‘ಉಪೇಂದ್ರ’ ಚಿತ್ರಕ್ಕಾಗಿ ಹುಟ್ಟಿದ ಅದು, ೨೦೨೪ರ ಆರಂಭದಲ್ಲಿ ಏಕಾಏಕಿ ಎದ್ದು ಎಲ್ಲರ ಮೊಬೈಲುಗಳಲ್ಲೂ ಕುಣಿಯಿತು. ಕರಿಮಣಿಗೆ ಮಾಲೀಕರು ಯಾರೆಂಬ ಪ್ರಶ್ನೆ ಇಪ್ಪತ್ತೈದು ವರ್ಷಗಳ ತರುವಾಯ ನಾಡಿನಾದ್ಯಂತ ಚರ್ಚೆಗೆ ಬಂದಿತು. ಮೂವತ್ತು ವರ್ಷ ದಾಂಪತ್ಯ ನಡೆಸಿದ ನಮ್ಮಾಕೆ ಆ ದಿನಗಳಲ್ಲಿ ಅಡುಗೆಮನೆಯಿಂದ ಅದನ್ನು ಗುನುಗುವಾಗ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿರುತ್ತಿದ್ದೆ.

ಅದೇ ವರ್ಷದ ‘ಕೃಷ್ಣಂ ಪ್ರಣಯ ಸಖಿ’ಯಲ್ಲಿ ವಿ. ನಾಗೇಂದ್ರ ಪ್ರಸಾದ್ ಬರೆದು ಅರ್ಜುನ್ ಜನ್ಯ ರಾಗ ಹಾಕಿದ ‘ದ್ವಾಪರ’ ಗೀತೆ ಬಂದಿತು. ಹಾಡಿದವರು ಪಂಜಾಬಿನ ತರುಣ ಜಸ್ಕರಣ್ ಸಿಂಗ್. ಕನ್ನಡ ದೂರದರ್ಶನ ವಾಹಿನಿಯ ‘ಸರಿಗಮಪ’ ಸ್ಪರ್ಧೆಯಲ್ಲಿ ನಮಗೆ ಪರಿಚಿತರಾದವರು. ಪಂಜಾಬಿನವರ ಬಾಯಲ್ಲಿ ಳಕಾರ ಹೊರಳೀತೇ ಎಂದು ನೆರೆಮನೆಯ ನಿವೃತ್ತ ಮೇಷ್ಟರು ಸಂದೇಹಪಟ್ಟರು. ಪಿ.ಬಿ. ಶ್ರೀನಿವಾಸರು ಕಾಕಿನಾಡದಿಂದ ಬಂದವರು ಎಂದು ನೆನಪಿಸಿದ ಮೇಲೆ ಮೇಷ್ಟರು ತೆಪ್ಪಗಾದರು. ನಮ್ಮ ಬೀದಿಯಲ್ಲಂತೂ ಆ ಹಾಡು ಪಾಸಾಯಿತು. ಕಾಲೇಜಿನ ಹುಡುಗರೂ ಹಾಡಿದರು, ಹೂವಿನ ಅಂಗಡಿಯಾಕೆಯೂ ಹಾಡಿದಳು.

ದೊಡ್ಡ ಮೈದಾನದ ಸಂಗೀತೋತ್ಸವಗಳ ವಿಷಯ ಬೇರೆ. ಅವೂ ನಮಗೆ ದೂರವಲ್ಲ. ಮಾಗಡಿ ರಸ್ತೆಯಿಂದ ನೈಸ್ ರಸ್ತೆಗೆ ಏರಿದರೆ ತುಮಕೂರು ರಸ್ತೆಯ ಮಾದಾವರದ ಮೈದಾನ ಸಿಕ್ಕಿಯೇ ಬಿಡುತ್ತದೆ. ೨೦೨೫ರ ಫೆಬ್ರವರಿ ೮ ಮತ್ತು ೯ರಂದು ಇಂಗ್ಲೆಂಡಿನ ಎಡ್ ಶೀರನ್ ಅಲ್ಲಿಯೇ ಹಾಡಿದರು. ಸಾವಿರಗಟ್ಟಲೆ ರೂಪಾಯಿ ಕೊಟ್ಟು ಹೋದ ನಮ್ಮ ಅಣ್ಣನ ಮಗ ಹಿಂದಿರುಗಿ, “ಚಿಕ್ಕಪ್ಪ, ಅದ್ಭುತವಾಗಿತ್ತು. ಆದರೆ ಅವರು ಕಾಣಿಸಿದ್ದು ಪರದೆಯ ಮೇಲೆ,” ಎಂದ. ಪರದೆಯ ಮೇಲಾದರೆ ನನಗೂ ಕಾಣಿಸುತ್ತಾರೆ, ಚಪ್ಪಲಿಯನ್ನೂ ಹಾಕಿಕೊಳ್ಳಬೇಕಾಗಿಲ್ಲ.

ಆದರೂ ಆ ಮಹಾಶಯರ ಮೇಲೆ ನನಗೆ ಗೌರವ. ಏಕೆಂದರೆ ೯ರ ಬೆಳಿಗ್ಗೆ ಅವರು ಚರ್ಚ್ ಸ್ಟ್ರೀಟಿನ ಕಾಲುದಾರಿಯಲ್ಲಿ, ಯಾರಿಗೂ ಟಿಕೆಟ್ಟಿಲ್ಲದೆ, ಗಿಟಾರು ಹಿಡಿದು ಹಾಡತೊಡಗಿದರು. ಪೊಲೀಸಿನವರೊಬ್ಬರು ಬಂದು ಮೈಕಿನ ತಂತಿಯನ್ನು ಕಿತ್ತರು. ಅನುಮತಿ ಇರಲಿಲ್ಲವೆಂದು ಇವರು, ಇತ್ತೆಂದು ಅವರು. ಲೋಕವೆಲ್ಲ ನಕ್ಕಿತು. ನಾವು ಬ್ಯಾಡರಹಳ್ಳಿಯವರು ನಗಲಿಲ್ಲ. ಹಾಡು ರಂಗೇರುವ ಹೊತ್ತಿಗೆ ಸರಿಯಾಗಿ ತಂತಿ ಕೀಳಿಸಿಕೊಳ್ಳುವುದು ನಮಗೆ ವರ್ಷಂಪ್ರತಿಯ ಅನುಭವ. ಆ ದಿನ ಇಂಗ್ಲೆಂಡಿನ ಗಾಯಕರು ನಮ್ಮ ರಸಮಂಜರಿಯ ಬಳಗಕ್ಕೆ ಸೇರಿದರೆಂದು ನಾನು ಒಳಗೊಳಗೇ ಸಂತೋಷಪಟ್ಟೆ.

ಬೆಂಗಳೂರಿನ ಆ ಕಚೇರಿಯಲ್ಲಿ ಅವರು ಶಿಲ್ಪಾ ರಾವ್ ಅವರೊಡನೆ ತೆಲುಗಿನ ಹಾಡೊಂದನ್ನು ಹಾಡಿದರು. ಕನ್ನಡದ್ದೇಕೆ ಹಾಡಲಿಲ್ಲವೆಂಬ ಗೊಣಗಾಟ ಎದ್ದಿತು. ಎರಡು ತಿಂಗಳ ನಂತರ ನಗರದ ಮತ್ತೊಂದು ಮಗ್ಗುಲಿನ ಕಾಲೇಜಿನಲ್ಲಿ, ಕನ್ನಡ ಹಾಡಿಗಾಗಿ ಕೂಗಿದ ಸಭಿಕರಿಗೆ ಸೋನು ನಿಗಮ್ ಕೊಟ್ಟ ಉತ್ತರ ಪೊಲೀಸ್ ದೂರು, ಚಿತ್ರೋದ್ಯಮದ ಅಸಹಕಾರ, ಕೊನೆಗೆ ಕ್ಷಮಾಯಾಚನೆಯವರೆಗೆ ಬೆಳೆಯಿತು. ೨೦೦೬ರ ‘ಮುಂಗಾರು ಮಳೆ’ಯಲ್ಲಿ ಜಯಂತ ಕಾಯ್ಕಿಣಿಯವರ ಗೀತೆಯನ್ನು ಹಾಡಿ ನಮ್ಮ ಮಕ್ಕಳ ನಿದ್ದೆ ಕೆಡಿಸಿದವರು ಅವರೇ ಅಲ್ಲವೆ? ಇಂಥ ರಂಪಕ್ಕೆ ನಮ್ಮ ಬೀದಿಯಲ್ಲಿ ಅವಕಾಶವೇ ಇಲ್ಲ. ಇಲ್ಲಿ ಚೀಟಿಯ ಪದ್ಧತಿ. ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು, ಸ್ವಯಂಸೇವಕ ಹುಡುಗನ ಕೈಯಲ್ಲಿ ವೇದಿಕೆಗೆ ಕಳುಹಿಸಿದರಾಯಿತು. ನಿರೂಪಕಿ ಚೀಟಿಗಳನ್ನು ಮೈಕಿನಲ್ಲಿ ಓದುತ್ತಾಳೆ. ಹಾಡುವವರು ಎಲ್ಲರನ್ನೂ ಸಮಾಧಾನಪಡಿಸಿ ತಮಗೆ ಬರುವುದನ್ನೇ ಹಾಡುತ್ತಾರೆ. ಕೇಳಿದವನಿಗೆ ತನ್ನ ಹೆಸರು ಮೈಕಿನಲ್ಲಿ ಬಂದ ತೃಪ್ತಿ, ಹಾಡಿದವನಿಗೆ ತಾಳ ತಪ್ಪದ ತೃಪ್ತಿ. ದೊಡ್ಡ ಮೈದಾನದವರು ಒಮ್ಮೆ ಇದನ್ನು ಪ್ರಯತ್ನಿಸಿ ನೋಡಬಹುದು.

ಇನ್ನು ತಂತಿಯ ವಿಷಯ. ೨೦೦೦ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವಾಸದ ಪ್ರದೇಶದಲ್ಲಿ ಹಗಲಿಗೆ ೫೫ ಡೆಸಿಬಲ್, ರಾತ್ರಿಗೆ ೪೫. ವರ್ಷಕ್ಕೆ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ನಿಯಮ ಒಳ್ಳೆಯದೇ, ಪರೀಕ್ಷೆಗೆ ಓದುವ ಮಕ್ಕಳು, ಹಾಸಿಗೆ ಹಿಡಿದ ವೃದ್ಧರು ಯಾವ ಮನೆಯಲ್ಲಿಲ್ಲ? ನನ್ನ ತಕರಾರು ನಿಯಮದ ಮೇಲಲ್ಲ, ಕಾಲದ ಹಂಚಿಕೆಯ ಮೇಲೆ.

ಕರಪತ್ರದಲ್ಲಿ ಕಾರ್ಯಕ್ರಮ ಸಂಜೆ ಆರಕ್ಕೆ ಎಂದಿರುತ್ತದೆ. ಏಳರವರೆಗೆ “ಹಲೋ, ಚೆಕ್, ಚೆಕ್.” ಏಳೂಕಾಲಕ್ಕೆ ಪ್ರಾರ್ಥನೆ. ಆ ಬಳಿಕ ಗಣ್ಯರ ನಿರೀಕ್ಷೆ. ಗಣ್ಯರು ಬಂದರೆ ಸ್ವಾಗತ, ದೀಪ, ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಬುಟ್ಟಿಯೊಡನೆ ಛಾಯಾಚಿತ್ರ. ನಂತರ “ನಾನು ಹೆಚ್ಚು ಮಾತನಾಡುವುದಿಲ್ಲ” ಎಂದು ಆರಂಭವಾಗುವ ಭಾಷಣ. ಈ ವಾಕ್ಯವನ್ನು ಉಚ್ಚರಿಸಿದವರು ಇಪ್ಪತ್ತು ನಿಮಿಷಕ್ಕೆ ಮೊದಲು ಕುಳಿತದ್ದನ್ನು ನಾನು ಕಂಡಿಲ್ಲ. ಹಾಡು ಆರಂಭವಾಗುವುದು ಒಂಬತ್ತಕ್ಕೆ. ಮೊದಲೆರಡು ದೇವರಿಗೆ, ಮೂರನೆಯದು ನಾಡಿಗೆ. ತಬಲಾದವರು ತೋಳು ಮಡಿಚಿ ಸಿದ್ಧರಾಗುವಷ್ಟರಲ್ಲಿ ಹತ್ತು ಹೊಡೆಯಿತು, ತಂತಿ ಕಿತ್ತಿತು. ಕಾನೂನು ಕತ್ತರಿಸುವುದು ಹಾಡನ್ನು. ಭಾಷಣದ ಕೂದಲೂ ಕೊಂಕುವುದಿಲ್ಲ. ನನ್ನ ಸಲಹೆ ಇಷ್ಟೆ: ಆರು ಗಂಟೆಗೆ ಹಾಡು ಆರಂಭವಾಗಲಿ, ಗಣ್ಯರ ಭಾಷಣವನ್ನು ಒಂಬತ್ತು ಐವತ್ತೈದಕ್ಕೆ ಇಟ್ಟುಕೊಳ್ಳೋಣ.

ಗಣ್ಯರಿಂದ ತಪ್ಪಿಸಿಕೊಂಡರೂ ರಸಮಂಜರಿಗೆ ಈಗ ಇನ್ನೊಂದು ಕಂಟಕ ಬಂದಿದೆ. ಈ ಸಲ ಸಮಿತಿಯ ಹುಡುಗರು ಬಂದು, “ಅಂಕಲ್, ಆರ್ಕೆಸ್ಟ್ರಾ ಬೇಡ, ಕರಿಯೋಕೆ ಇಡೋಣ ಅಂತಿದ್ದೇವೆ,” ಎಂದಾಗ ಒಳಗಿದ್ದ ನಮ್ಮ ತಾಯಿಯವರು, “ಏನು ಕರಿಯೋಕೆ? ಹಪ್ಪಳವೋ ಸಂಡಿಗೆಯೋ?” ಎಂದು ಕೇಳಿದರು. ಇದು ಕರಿಯುವ ಪದಾರ್ಥವಲ್ಲ. ಹಾಡುವ ದನಿಯೊಂದನ್ನು ಬಿಟ್ಟು ಉಳಿದ ವಾದ್ಯಗಳನ್ನೆಲ್ಲ ಮೊದಲೇ ಅಚ್ಚು ಹಾಕಿಟ್ಟ ಸಂಗೀತ. ಜಪಾನಿನ ಕೋಬೆ ನಗರದಲ್ಲಿ ೧೯೭೧ರ ಸುಮಾರಿಗೆ ಡೈಸುಕೆ ಇನೋಉಎ ಎಂಬ ವಾದ್ಯಗಾರರು ಇದಕ್ಕೊಂದು ಯಂತ್ರ ಮಾಡಿದರು. ಪದದ ಅರ್ಥ ‘ಖಾಲಿ ಆರ್ಕೆಸ್ಟ್ರಾ’ ಎಂದು. ಜಪಾನಿಯರು ಸತ್ಯಸಂಧರು, ವಸ್ತುವಿಗೆ ತಕ್ಕ ಹೆಸರನ್ನೇ ಇಟ್ಟಿದ್ದಾರೆ.

ಹುಡುಗರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಐದು ಮಂದಿ ವಾದ್ಯಗಾರರ ಸಂಭಾವನೆ, ಊಟ, ಗಾಡಿಯ ಬಾಡಿಗೆ ಇವೆಲ್ಲ ಉಳಿಯುತ್ತವೆ. ಪಿಟೀಲೂ ಸಿನಿಮಾದಲ್ಲಿ ಕೇಳಿಸಿದಂತೆಯೇ ಕೇಳಿಸುತ್ತದೆ. ನಿವೃತ್ತರ ಕೂಟಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ ಇದು ಆಗಲೇ ಬೇರುಬಿಟ್ಟಿದೆ. ನಿವೃತ್ತರು ಹಾಡಿಕೊಳ್ಳಲಿ, ಅವರ ಶ್ವಾಸಕೋಶಕ್ಕೆ ಹಿತ. ಆದರೆ ಬೀದಿಯ ವೇದಿಕೆಯಲ್ಲಿ ಅದು ಏನನ್ನು ಕಸಿದುಕೊಳ್ಳುತ್ತದೆಂಬುದನ್ನು ಹೇಳಲೇಬೇಕು.

ಹೋದ ವರ್ಷದ ರಸಮಂಜರಿಯಲ್ಲಿ ನಮ್ಮ ಸಾಲಿನ ಕೊನೆಯ ಮನೆಯ ಅಜ್ಜಿಯೊಬ್ಬರು, ಮೊಮ್ಮಕ್ಕಳ ಒತ್ತಾಯಕ್ಕೆ ವೇದಿಕೆ ಹತ್ತಿದರು. ಎಪ್ಪತ್ತು ದಾಟಿದವರು. ಮೈಕನ್ನು ಸೌಟು ಹಿಡಿದಂತೆ ಹಿಡಿದು, ತಮಗೆ ತೋಚಿದ ಶ್ರುತಿಯಲ್ಲಿ ಹಳೆಯ ಚಿತ್ರಗೀತೆಯೊಂದನ್ನು ಎತ್ತಿಕೊಂಡೇಬಿಟ್ಟರು. ಕೀಬೋರ್ಡಿನ ಯುವಕ ತಲೆ ಓರೆ ಮಾಡಿ ಒಂದು ಸಾಲನ್ನು ಆಲಿಸಿದ. ಎರಡನೆಯ ಸಾಲಿನಲ್ಲಿ ಆಕೆಯ ಶ್ರುತಿಗೆ ಬಂದು ನಿಂತಿದ್ದ. ಚರಣದ ನಡುವೆ ಆಕೆಗೆ ಸಾಹಿತ್ಯ ಮರೆಯಿತು. ತಬಲಾದವರು ಏನೂ ಆಗದವರಂತೆ ಮತ್ತೊಂದು ಆವರ್ತ ಸುತ್ತಿ ಬಂದರು. ಆಗಲೂ ನೆನಪಾಗಲಿಲ್ಲ, ಇನ್ನೊಂದು ಸುತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಹೆಂಗಸರು ಎತ್ತಿಕೊಟ್ಟರು, ಅಜ್ಜಿ ಸೇರಿಕೊಂಡರು, ಹಾಡು ದಡ ಸೇರಿತು. ಆ ದಿನ ಬಿದ್ದ ಚಪ್ಪಾಳೆ ಯಾವ ಗಣ್ಯರಿಗೂ ಬಿದ್ದಿರಲಿಲ್ಲ. ಅದೇ ಜಾಗದಲ್ಲಿ ಟ್ರ್ಯಾಕು ಇದ್ದಿದ್ದರೆ? ಅದಕ್ಕೆ ಶ್ರುತಿಯಿದೆ, ತಾಳವಿದೆ, ಕಿವಿ ಮಾತ್ರವಿಲ್ಲ. ಅಜ್ಜಿ ಮರೆತು ನಿಂತರೆ ಅದು ನಿಲ್ದಾಣದಲ್ಲಿ ನಿಲ್ಲದ ಬಸ್ಸಿನಂತೆ ಮುಂದೆ ಹೋಗುತ್ತಿತ್ತು.

ವಾದ್ಯಗಾರರ ಹೊಟ್ಟೆಯ ಪ್ರಶ್ನೆಯೂ ಇದೆ. ೧೯೩೪ರಲ್ಲಿ ‘ಸತಿ ಸುಲೋಚನಾ’ ಬಂದು ಕನ್ನಡ ಚಿತ್ರ ಮಾತು ಕಲಿತ ಆ ಕಾಲದಲ್ಲಿ, ಮೂಕಿ ಚಿತ್ರಗಳ ಪರದೆಯ ಪಕ್ಕದಲ್ಲಿ ಕುಳಿತು ಹಾರ್ಮೋನಿಯಂ, ತಬಲಾ ನುಡಿಸುತ್ತಿದ್ದವರು ಚಾಪೆ ಸುತ್ತಿಕೊಂಡು ಏಳಬೇಕಾಯಿತು. ಮಾತು ಬಂದದ್ದು ಲಾಭವೇ, ಚಾಪೆ ಸುತ್ತಿದವರಿಗಲ್ಲ. ನಮ್ಮ ಅಡ್ಡರಸ್ತೆಯ ತಬಲಾದವರು ಹಗಲು ಸುಂಕದಕಟ್ಟೆಯ ಕಡೆ ಆಟೋ ಓಡಿಸುತ್ತಾರೆ. “ಮೊದಲು ಗಣಪತಿಯಿಂದ ನವೆಂಬರ್ ಕೊನೆಯವರೆಗೆ ಆಟೋ ಮನೆ ಮುಂದೆ ನಿಂತಿರುತ್ತಿತ್ತು ಸ್ವಾಮಿ. ಈಗ ತಬಲಾ ನಿಂತಿದೆ,” ಎಂದು ಒಂದು ದಿನ ಹೇಳಿದರು. ನಗುತ್ತಲೇ ಹೇಳಿದರು, ಮೀಟರಿಗಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ.

ಸಮಿತಿಯ ಹುಡುಗರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಸಭ್ಯರು, ಗಡಿಯಾರ ನೋಡದೆ ಕೇಳಿದರು. ಕೊನೆಗೆ ಅವರಲ್ಲೊಬ್ಬ, “ಅಂಕಲ್, ದುಡ್ಡು?” ಎಂದ. ಪ್ರಶ್ನೆ ನ್ಯಾಯವಾಗಿತ್ತು. ಪ್ರತಿ ವರ್ಷದ ೫೦೧ ರೂಪಾಯಿಯ ಜೊತೆಗೆ ಇನ್ನೊಂದು ೫೦೧ ತೆಗೆದಿಟ್ಟೆ. ನಮ್ಮಾಕೆ ಬಾಗಿಲ ಮರೆಯಿಂದ ನನ್ನನ್ನೊಮ್ಮೆ ನೋಡಿ, ಒಳಗೆ ಹೋಗಿ, ತಮ್ಮ ಡಬ್ಬಿಯಿಂದ ೧೦೦ ರೂಪಾಯಿ ತಂದು ಅದರ ಮೇಲಿಟ್ಟರು; ಎಮ್ಮೆಯ ಹಾಡು ಇರಲೇಬೇಕೆಂಬ ಷರತ್ತಿನ ಮೇಲೆ. ರಸೀತಿಯ ಪುಸ್ತಕ ಬಿಚ್ಚಿದ ಹುಡುಗ ಪೆನ್ನು ಕಚ್ಚುತ್ತ, “ಯಾವ ಬಾಬ್ತು ಎಂದು ಬರೆಯಲಿ ಅಂಕಲ್, ಹೂವೋ ಪ್ರಸಾದವೋ?” ಎಂದು ಕೇಳಿದ.

“ತಬಲಾ ಎಂದು ಬರಿ,” ಎಂದೆ.